ಮೂರು ಬೆರಳಿನ ಹೆಜ್ಜೆ ಓದುವುದು ಹೇಗೆ: ಶೆಟ್ಟಿಹಳ್ಳಿ ಕೆಸರಲ್ಲಿ ಕಲಿತದ್ದು

ನಾನು ಹಾಸನದಲ್ಲಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಕೆಲಸ ಮಾಡುವವನು. ನಿಮ್ಮ ಮನೆ ಹಾಲ್‌ನಲ್ಲಿ ತಲೆ ಎತ್ತಿದರೆ ಕಾಣುವ ಕಾರ್ನಿಸು, ಫ್ಯಾನಿನ ಸುತ್ತ ಅರಳಿದ ತಾವರೆ, ಮೂಲೆಯ ಬಳ್ಳಿ, ಎಲ್ಲ ನಮ್ಮಂಥವರ ಕೈಕೆಲಸ. ಅಚ್ಚು ಮಾಡುವುದು, ಎರಕ ಹೊಯ್ಯುವುದು, ಒಣಗಿದ ಮೇಲೆ ಬಿಡಿಸುವುದು. ಇಪ್ಪತ್ತಾರು ವರ್ಷದಿಂದ ಇದೇ. ಹೆಜ್ಜೆಗುರುತು ಅಂದರೂ ಅಚ್ಚೇ ತಾನೆ, ನನಗೆ ಗೊತ್ತಿಲ್ಲದ್ದೇನಿದೆ ಅಂತ ಒಂದು ಕಾಲದಲ್ಲಿ ಜಂಬ ಇತ್ತು.

ಆ ಜಂಬ ಇಳಿಸಿದ್ದು ಆರನೇ ಕ್ಲಾಸಿನ ಒಂದು ಹುಡುಗಿ. ಎಂಟು ವರ್ಷದ ಹಿಂದೆ ಒಂದು ಶಾಲೆಯವರು ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾಂಸಾಹಾರಿ ಡೈನೋಸಾರಿನ ಹೆಜ್ಜೆ ಬೇಕು ಅಂದರು. ನಾನು ಎರಡಡಿ ಅಗಲಕ್ಕೆ ಭರ್ಜರಿಯಾಗಿ ಮಾಡಿದೆ. ನಾಲ್ಕು ಬೆರಳು, ನಡುವೆ ದಪ್ಪನೆ ಅಂಗಾಲು, ಹಿಂದೆ ನಮ್ಮದರ ಹಾಗೇ ಹಿಮ್ಮಡಿ. ಹುಡುಗಿ ಬಗ್ಗಿ ನೋಡಿ, "ಅಂಕಲ್, ಇದು ಕರಡಿ ಕಾಲಲ್ವಾ?" ಅಂದಳು. ಶಾಲೆಯವರು ದುಡ್ಡೇನೋ ಕೊಟ್ಟರು, ಮಾದರಿಯನ್ನು ಮಾತ್ರ ಮೇಜಿನ ಕೆಳಗೆ ತಳ್ಳಿದರು. ಆಗ ಪಿಯುಸಿಯಲ್ಲಿದ್ದ ನನ್ನ ಮಗಳು ಮುಂದೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನವನ್ನೇ ಓದಿದಳು. ಅವಳು ಓದಿ ಹೇಳಿದ್ದು, ನಾನು ಕೆಸರಲ್ಲಿ ಮೊಣಕಾಲೂರಿ ಕಂಡದ್ದು, ಎರಡೂ ಸೇರಿ ಈ ಬರಹ. ಒಂದು ಭಾನುವಾರ ಬಿಡುವಿದ್ದರೆ ನೀವೂ ಮಾಡಬಹುದು.

ಮೊದಲು ಒಂದು ನಿರಾಸೆ

ನಮ್ಮ ಹಾಸನ, ಚಿಕ್ಕಮಗಳೂರಿನ ಬಂಡೆಗಳ ಮೇಲೆ ಡೈನೋಸಾರ್ ಹೆಜ್ಜೆ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಡೈನೋಸಾರುಗಳು ಭೂಮಿ ಮೇಲೆ ಓಡಾಡಿದ್ದು ಸುಮಾರು 23 ಕೋಟಿ ವರ್ಷದಿಂದ 6.6 ಕೋಟಿ ವರ್ಷದ ಹಿಂದಿನವರೆಗೆ. ಗೊರೂರಿನ ಸುತ್ತ ಕಾಣುವ, ನೈಸ್ (gneiss) ಅನ್ನುವ ಪಟ್ಟೆಪಟ್ಟೆ ಶಿಲೆಗೆ ಸುಮಾರು 330 ಕೋಟಿ ವರ್ಷ. ಅಂದರೆ ಮೊದಲ ಡೈನೋಸಾರು ಹುಟ್ಟುವ ಹೊತ್ತಿಗೇ ಈ ಕಲ್ಲಿಗೆ 300 ಕೋಟಿ ದಾಟಿತ್ತು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಕೆತ್ತಿದ ಬಳಪದ ಕಲ್ಲೂ ಅದೇ ಹಳೇ ಸಂತಾನದ್ದು. ಬಾಬಾಬುಡನ್ ಸಾಲಿನ ಕ್ವಾರ್ಟ್ಜೈಟ್, ಅಂದರೆ ಹಳೇ ಮರಳು ಬಿಗಿದು ಕಲ್ಲಾದ ಬಂಡೆಗಳಲ್ಲಿ ನೀರಿನ ಅಲೆ ಬಿಟ್ಟುಹೋದ ಗೆರೆಗಳುಂಟು, ಆದರೆ ಆ ನೀರಿನ ದಂಡೆಯಲ್ಲಿ ನಡೆಯಲು ಕಾಲಿದ್ದ ಜೀವವೇ ಆಗ ಇರಲಿಲ್ಲ.

ಗಟ್ಟಿ ಬಂಡೆ ಮೇಲೆ ಎಷ್ಟು ದೊಡ್ಡ ಪ್ರಾಣಿ ನಡೆದರೂ ಅಚ್ಚು ಬೀಳುವುದಿಲ್ಲ ಅನ್ನುವುದನ್ನೂ ಮರೆಯಬೇಡಿ. ಹೆಜ್ಜೆ ಉಳಿಯಬೇಕಾದರೆ ಮೊದಲು ಹದವಾದ ಕೆಸರು ಬೇಕು, ಅದು ಸ್ವಲ್ಪ ಒಣಗಬೇಕು, ಆಮೇಲೆ ಬೇರೆ ಜಾತಿಯ ಮಣ್ಣೋ ಮರಳೋ ಮೆಲ್ಲಗೆ ಬಂದು ಮುಚ್ಚಬೇಕು, ಅದರ ಮೇಲೆ ಮತ್ತಷ್ಟು ಪದರ ಕೂತು ಒತ್ತಿ ಕಲ್ಲಾಗಬೇಕು.

ಇದನ್ನೆಲ್ಲ ತಿಳಿದೂ ನಾನು ಒಮ್ಮೆ ಮೂಡಿಗೆರೆ ಕಡೆಯ ತೋಟಕ್ಕೆ ಹೋಗಿದ್ದುಂಟು. ಸೀಲಿಂಗ್ ಕೆಲಸ ಕೊಟ್ಟಿದ್ದ ತೋಟದ ಯಜಮಾನರು ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದರು: ಬಂಡೆಯಲ್ಲಿ ಮೂರು ಕವಲಿನ ಗುಳಿ. ಊರವರು ಭೀಮನ ಹೆಜ್ಜೆ ಅನ್ನುತ್ತಿದ್ದರಂತೆ. ಇವರಿಗೆ ಡೈನೋಸಾರ್ ಅನ್ನಿಸಿದೆ. ಹೋಗಿ ನೋಡಿದರೆ ನೀರು ನಿಂತು ನಿಂತು ಕೊರೆದ ಗುಳಿ. ಒಂದೇ ಒಂದು ಇತ್ತು. ಪ್ರಾಣಿ ಒಂಟಿಕಾಲಲ್ಲಿ ಬಂದು ಹಾರಿಹೋಗುವುದಿಲ್ಲವಲ್ಲ, ಎಡದ ಮುಂದೆ ಬಲ ಇರಬೇಕು, ಬಲದ ಮುಂದೆ ಮತ್ತೆ ಎಡ. ಅಕ್ಕಿರೊಟ್ಟಿ, ಕಾಫಿ ಚೆನ್ನಾಗಿತ್ತು, ಪೆಟ್ರೋಲಿನ ದುಡ್ಡು ಅಲ್ಲಿಗೆ ಸರಿಹೋಯಿತು.

ಕೋಳಿ ಅಂಗಡಿಯಿಂದ ಶುರು

ಕಲಿಯಲು ಬೇಕಾದ ಪಠ್ಯಪುಸ್ತಕ ಕೋಳಿ ಕಾಲು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಹಕ್ಕಿಗಳು ಮಾಂಸಾಹಾರಿ ಡೈನೋಸಾರುಗಳ ವಂಶದವೇ. ಆ ಗುಂಪಿಗೆ ಥೆರೋಪಾಡ್ ಅಂತ ಹೆಸರು. ಅಂಗಡಿಯವನನ್ನು ಕೇಳಿ ನಾಟಿ ಕೋಳಿಯ ಎರಡು ಕಾಲು, ಎಡದ್ದೊಂದು ಬಲದ್ದೊಂದು, ತನ್ನಿ. ಫಾರಂ ಕೋಳಿಯದು ಕೊಬ್ಬಿ ಮೆತ್ತಗಿರುತ್ತೆ, ಬೆರಳಿನ ಗಂಟು ಸರಿಯಾಗಿ ಕಾಣಲ್ಲ.

ಹಿಂದಕ್ಕೆ ಚಾಚಿದ ಚಿಕ್ಕ ಬೆರಳನ್ನು ಸದ್ಯಕ್ಕೆ ಮರೆತುಬಿಡಿ. ಥೆರೋಪಾಡುಗಳಲ್ಲಿ ಅದು ಮೇಲೆಲ್ಲೋ ನೇತಾಡುತ್ತಿತ್ತು, ಸಾಮಾನ್ಯವಾಗಿ ನೆಲಕ್ಕೆ ತಾಗುತ್ತಿರಲಿಲ್ಲ. ಮುಂದಿನ ಮೂರು ಬೆರಳು ನೋಡಿ. ನಡುವಿನದು ಉದ್ದ, ಒಳಗಿನದು ಗಿಡ್ಡ, ಹೊರಗಿನದು ಮಧ್ಯಮ. ಈಗ ಕಾಲನ್ನು ಚೆನ್ನಾಗಿ ಬೇಯಿಸಿ, ಸೂಪು ಕುಡಿದು, ಮೂಳೆ ಎಣಿಸಿ. ಉಗುರೊಳಗಿನ ಮೂಳೆಯೂ ಸೇರಿದರೆ ಒಳಬೆರಳಿಗೆ 3, ನಡುಬೆರಳಿಗೆ 4, ಹೊರಬೆರಳಿಗೆ 5. ಡೈನೋಸಾರಿಗೂ ಇದೇ ಲೆಕ್ಕ. ಹಾಗಾಗಿ ಚೆನ್ನಾಗಿ ಬಿದ್ದ ಥೆರೋಪಾಡ್ ಹೆಜ್ಜೆಯಲ್ಲಿ ಒಳಬೆರಳಿನ ಗುಂಡಿಯಲ್ಲಿ 2 ಉಬ್ಬಿನ ಗುರುತು, ನಡುಬೆರಳಲ್ಲಿ 3, ಹೊರಬೆರಳಲ್ಲಿ 4 ಕಾಣುತ್ತವೆ. 2-3-4. ಇಷ್ಟು ನೆನಪಿದ್ದರೆ ಕೋಟ್ಯಂತರ ವರ್ಷದ ಹಿಂದಿನ ಹೆಜ್ಜೆ ಎಡಗಾಲಿನದೋ ಬಲಗಾಲಿನದೋ ಹೇಳಬಹುದು. ಎರಡು ಉಬ್ಬಿನ ಬೆರಳು ಯಾವ ಕಡೆಗಿದೆಯೋ ಆ ಕಡೆಗೆ ಪ್ರಾಣಿಯ ಇನ್ನೊಂದು ಕಾಲು ಇತ್ತು. ನಾನು ಮೊದಲ ಸಲ ಹೀಗೆ ಎಣಿಸಿ ಎಡ ಅಂದದ್ದು ಸರಿಯಾದಾಗ ಮಗಳ ಮುಂದೆ ಮೀಸೆ ತಿರುವಿದ್ದೆ.

ಮಾಂಸ ತಿನ್ನುವ ಥೆರೋಪಾಡ್ ಹೆಜ್ಜೆಯನ್ನು ಸೊಪ್ಪು ತಿನ್ನುವವುಗಳ ಮೂರು ಬೆರಳಿನ ಹೆಜ್ಜೆಯಿಂದ ಬೇರೆ ಮಾಡುವುದು ಇದಕ್ಕಿಂತ ಕಷ್ಟ. ಥೆರೋಪಾಡಿನದು ಅಗಲಕ್ಕಿಂತ ಉದ್ದ ಜಾಸ್ತಿ, ಬೆರಳು ಸಪೂರ, ತುದಿಯಲ್ಲಿ ಉಗುರಿನ ಚೂಪು, ಹಿಂಭಾಗ ಕಿರಿದಾಗುತ್ತ ಹೋಗುತ್ತೆ. ಸೊಪ್ಪಿನವರ ಹೆಜ್ಜೆ ಉದ್ದದಷ್ಟೇ ಅಗಲ, ಬೆರಳು ಮೊಂಡು, ಹಿಂಭಾಗ ಗುಂಡಗೆ. ನಡಿಗೆಯಲ್ಲೂ ಭೇದ ಇದೆ. ಥೆರೋಪಾಡು ಹಗ್ಗದ ಮೇಲೆ ನಡೆದ ಹಾಗೆ ಒಂದೇ ಗೆರೆಯಲ್ಲಿ ಹೋಗುತ್ತೆ, ಇನ್ನೊಂದರ ಕಾಲು ಹೆಚ್ಚಾಗಿ ಒಳಕ್ಕೆ ತಿರುಗಿರುತ್ತೆ. ಕೆಸರು ಕೆಟ್ಟರೆ ಈ ಗುರುತುಗಳಲ್ಲಿ ಅರ್ಧ ಅಳಿಸಿಹೋಗುತ್ತವೆ. ಆಗ ಪಂಡಿತರೇ ಜಗಳ ಆಡುತ್ತಾರೆ, ಆ ಕಥೆ ಆಮೇಲೆ.

ಹಕ್ಕಿಯ ಹೋಲಿಕೆ ಈಗಿನವರು ಕಂಡುಹಿಡಿದದ್ದೂ ಅಲ್ಲ. 1802ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ಲಿನಿ ಮೂಡಿ ಅನ್ನುವ ರೈತರ ಹುಡುಗ ಹೊಲ ಉಳುವಾಗ ಮೂರು ಬೆರಳಿನ ಹೆಜ್ಜೆ ಇರುವ ಕಲ್ಲು ಎದ್ದಿತು. ಜನ ಅದನ್ನು ಬೈಬಲ್ಲಿನ ನೋಹನ ಕಾಗೆಯದು ಅಂದರು. 1836ರಲ್ಲಿ ಎಡ್ವರ್ಡ್ ಹಿಚ್‌ಕಾಕ್ ಅನ್ನುವ ಪ್ರೊಫೆಸರು ಅಂಥ ಹೆಜ್ಜೆಗಳನ್ನು ವಿವರಿಸಿ, ಇವು ಹಳೇ ಕಾಲದ ದೈತ್ಯ ಹಕ್ಕಿಗಳವು ಎಂದು ಬರೆದರು. ಡೈನೋಸಾರ್ ಅನ್ನುವ ಪದವೇ ಆಗ ಹುಟ್ಟಿರಲಿಲ್ಲ. ನನ್ನ ಕರಡಿ ಕಾಲಿಗಿಂತ ಅವರ ಹಕ್ಕಿ ಎಷ್ಟೋ ವಾಸಿ.

ಕೆಸರಿನ ಹದ

ಇನ್ನು ಹೊರಗೆ ಹೋಗುವ ಕೆಲಸ. ಹಾಸನದವರಿಗೆ ಶೆಟ್ಟಿಹಳ್ಳಿಗಿಂತ ಒಳ್ಳೇ ಜಾಗ ಬೇಕಿಲ್ಲ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಅಲ್ಲಿನ ಪಾಳು ಚರ್ಚನ್ನು ಸುತ್ತುವರಿಯುತ್ತೆ, ಬೇಸಿಗೆಯಲ್ಲಿ ಹಿಂದೆ ಸರಿದು ಚರ್ಚಿನ ಸುತ್ತ ಮಟ್ಟಸವಾದ ಮೆಕ್ಕಲು ಬಿಟ್ಟುಹೋಗುತ್ತೆ. ಜನ ಪ್ರೀವೆಡ್ಡಿಂಗ್ ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. ನೀವು ಅವರಿಗೆ ಬೆನ್ನು ತಿರುಗಿಸಿ ನೀರಂಚಿಗೆ ಹೋಗಿ. ಬೆಳ್ಳಕ್ಕಿ, ಟಿಟ್ಟಿಭ, ನಾಯಿ, ದನ ಎಲ್ಲ ನಡೆದಿರುತ್ತವೆ. ನಮಗೆ ಬೇಕಾದ್ದು ನವಿಲು. ಮಾಂಸಾಹಾರಿ ಡೈನೋಸಾರಿನ ಸಣ್ಣ ಪ್ರತಿ ಬೇಕಿದ್ದರೆ ನವಿಲಿನ ಹೆಜ್ಜೆಗಿಂತ ಹತ್ತಿರದ್ದು ನಮ್ಮ ಕಡೆ ಇಲ್ಲ.

ಹದ ನೋಡುವ ಒಂದು ಉಪಾಯ ಹೇಳುತ್ತೇನೆ. ಹೆಬ್ಬೆರಳನ್ನು ಕೆಸರಿಗೆ ಒತ್ತಿ ಎತ್ತಿ. ಗುಳಿಯೊಳಗೆ ನಿಮ್ಮ ಬೆರಳಿನ ಗೆರೆಗಳು ಕಂಡರೆ ಆ ಹದದಲ್ಲಿ ಬಿದ್ದ ಹೆಜ್ಜೆ ಚಿನ್ನ. ಗುಳಿಗೆ ನೀರು ಜಿನುಗಿದರೆ ತೆಳು ಜಾಸ್ತಿ. ಸುತ್ತ ಬಿರುಕು ಬಿಟ್ಟರೆ ಒಣಗಿ ಹೋಗಿದೆ. ನೀರಂಚಿನಿಂದ ಮೇಲಕ್ಕೆ ಹತ್ತು ಹೆಜ್ಜೆ ನಡೆದರೆ ಮೂರೂ ಹದ ಸಿಗುತ್ತವೆ. ಒಂದೇ ನವಿಲು ಈ ಮೂರನ್ನೂ ದಾಟಿ ಹೋಗಿದ್ದರೆ ನಿಮ್ಮ ಅದೃಷ್ಟ. ಒಂದೇ ಕಾಲು ಮೂರು ಬೇರೆ ಪ್ರಾಣಿಯ ಹಾಗೆ ಅಚ್ಚು ಬಿಟ್ಟಿರುತ್ತೆ.

ಅಲ್ಲಿ ಕೂತು ನೋಡಿದಾಗಲೇ ನನಗೆ ಹೊಳೆದದ್ದು, ಹೆಜ್ಜೆ ಅಂದರೆ ಕಾಲಿನ ಫೋಟೊ ಅಲ್ಲ ಅಂತ. ನಮ್ಮ ಕಸುಬಿನಲ್ಲಿ ಅಚ್ಚಿನಿಂದ ಎರಕ ಬಿಡಿಸುವಾಗ ಅರ್ಧ ಕೆಲಸ ಕೆಡುತ್ತೆ, ಅಂಚು ಮುರಿಯುತ್ತೆ, ಎಳೆದ ಗುರುತು ಬೀಳುತ್ತೆ. ಪ್ರಾಣಿಯೂ ಪ್ರತಿ ಹೆಜ್ಜೆಗೂ ಕಾಲು ಇಟ್ಟು, ಒತ್ತಿ, ಬಿಡಿಸಿಕೊಂಡು ಹೋಗಬೇಕು. ತೆಳು ಕೆಸರಲ್ಲಿ ನವಿಲು ಕಾಲು ಎತ್ತುವಾಗ ಮೂರು ಬೆರಳನ್ನೂ ಕೂಡಿಸಿ, ಮುಂದಕ್ಕೆ ಎಳೆದುಕೊಳ್ಳುತ್ತೆ. ಬೆರಳು ಇಳಿದ ಜಾಗದ ಗೋಡೆ ಕುಸಿದು ಬರೀ ಸೀಳು ಉಳಿಯುತ್ತೆ, ಮುಂಭಾಗದಲ್ಲಿ ಕಾಲು ಹೊರಬಂದ ತೂತು. ಗ್ರೀನ್‌ಲ್ಯಾಂಡಿನ ಟ್ರಯಾಸಿಕ್ ಕಾಲದ, ಅಂದರೆ ಡೈನೋಸಾರುಗಳ ಮೊದಮೊದಲ ಕಾಲದ ಥೆರೋಪಾಡ್ ಹೆಜ್ಜೆಗಳಲ್ಲೂ ಹೀಗೇ ಇತ್ತು. ವಿಜ್ಞಾನಿಗಳು ಗಿನಿಕೋಳಿ, ಟರ್ಕಿ ಕೋಳಿಗಳನ್ನು ಕೆಸರಲ್ಲಿ ನಡೆಸಿ ಹೋಲಿಸಿ ನೋಡಿ 1999ರಲ್ಲಿ ಪ್ರಕಟಿಸಿದರು. ಕಾಲು ಕೆಸರೊಳಗೆ ಹೇಗೆ ಚಲಿಸಿತು ಅನ್ನುವುದು ಮೂಳೆಯಿಂದ ತಿಳಿಯುವುದಿಲ್ಲ, ಕೆಟ್ಟ ಹೆಜ್ಜೆಯಿಂದ ತಿಳಿಯಿತು.

ಇನ್ನೊಂದು ಮೋಸ ಅಡಿಪದರದ್ದು. ಕಾಲು ಒತ್ತಿದ ಭಾರ ಕೆಳಗಿನ ಪದರಗಳಿಗೂ ಇಳಿಯುತ್ತೆ. ರಶೀದಿ ಪುಸ್ತಕದಲ್ಲಿ ಮೇಲಿನ ಹಾಳೆ ಮೇಲೆ ಒತ್ತಿ ಬರೆದರೆ ಕೆಳಗಿನ ಹಾಳೆಗೂ ಮಸುಕಾಗಿ ಮೂಡುವುದಿಲ್ಲವೇ, ಹಾಗೆ. ಕೋಟ್ಯಂತರ ವರ್ಷದ ಮೇಲೆ ಕಲ್ಲು ಪದರ ಪದರವಾಗಿ ಎದ್ದಾಗ ನಮಗೆ ಸಿಗುವುದು ಎಷ್ಟೋ ಸಲ ಆ ಕೆಳಗಿನ ಹಾಳೆ. ಅದರಲ್ಲಿ ಉಗುರಿಲ್ಲ, ಉಬ್ಬಿಲ್ಲ. ಮನೆಯಲ್ಲಿ ಪರೀಕ್ಷಿಸಬೇಕಾದರೆ ಒಂದು ಟ್ರೇನಲ್ಲಿ ಕೆಂಪು ಮಣ್ಣು, ಕೆರೆ ಗೋಡು, ಮತ್ತೆ ಕೆಂಪು ಮಣ್ಣು ಅಂತ ಬೆರಳು ದಪ್ಪಕ್ಕೆ ಒದ್ದೆಯಾಗಿ ಹರಡಿ, ಕೋಳಿ ಕಾಲು ಒತ್ತಿ, ಒಂದು ದಿನ ಆರಲು ಬಿಟ್ಟು ಚಾಕುವಿನಿಂದ ಅಡ್ಡ ಕೊಯ್ದು ನೋಡಿ. ಪದರಗಳು ಬಗ್ಗಿರುವುದು ಬಣ್ಣದಲ್ಲೇ ಕಾಣುತ್ತೆ.

ಎರಕ ಹೊಯ್ಯುವುದು

ಇಲ್ಲಿ ನಾನು ಮೇಷ್ಟ್ರು, ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಪಿಒಪಿ ಅಂದರೆ ಸುಟ್ಟ ಜಿಪ್ಸಂ. ನಮ್ಮ ದೇಶದ ಜಿಪ್ಸಂ ಬಹುಪಾಲು ರಾಜಸ್ಥಾನದಿಂದ ಬರುತ್ತೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿಯೂ ಬಿಕಾನೇರ್ ಕಡೆಯವರೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ರಾಜಸ್ಥಾನಕ್ಕೆ ಮತ್ತೆ ಬರುತ್ತೇನೆ. ಹೊಸ ಚೀಲದ ಪುಡಿಯನ್ನೇ ಬಳಸಿ. ಮಲೆನಾಡಿನ ಮಳೆಗಾಲ ಕಂಡ ಚೀಲ ಬೇಡ, ತೇವ ಕುಡಿದ ಪುಡಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಸಕಲೇಶಪುರದಲ್ಲಿ ಮಿಕ್ಕ ಅರ್ಧ ಚೀಲ ತಂದು ಮೊದಲ ನವಿಲು ಹೆಜ್ಜೆಗೆ ಹೊಯ್ದಿದ್ದೆ. ಎರಡು ಗಂಟೆ ಬಿಟ್ಟು ಎತ್ತಿದರೆ ಹಳಸಿದ ಇಡ್ಲಿ ಹಾಗೆ ಕೈಯಲ್ಲೇ ಉದುರಿತು. ಹೆಜ್ಜೆಯೂ ಹೋಯಿತು.

ಹೆಜ್ಜೆಯ ಸುತ್ತ ಎರಡು ಬೆರಳು ಅಗಲ ಬಿಟ್ಟು ರಟ್ಟಿನ ಪಟ್ಟಿಯ ಬಳೆ ಮಾಡಿ ಕೆಸರಿಗೆ ನೆಡಿ. ಬಕೆಟ್ಟಿಗೆ ಮೊದಲು ನೀರು, ಒಂದು ಲೋಟ ಸಾಕು. ಅದಕ್ಕೆ ಎರಡು ಲೋಟ ಪುಡಿಯನ್ನು ಜರಡಿ ಹಿಡಿದ ಹಾಗೆ ಉದುರಿಸುತ್ತ ಹೋಗಿ. ಪುಡಿಗೆ ನೀರು ಹಾಕಿದಿರೋ ಗಂಟು ಗ್ಯಾರಂಟಿ. ಪುಡಿ ತಾನಾಗಿ ನೀರು ಕುಡಿಯಲು ಒಂದು ನಿಮಿಷ ಬಿಟ್ಟು, ಕೈಯಿಂದ ನಿಧಾನಕ್ಕೆ ಕಲಸಿ. ಬಿರುಸಾಗಿ ಕಲಸಿದರೆ ಗಾಳಿಗುಳ್ಳೆ ಸೇರುತ್ತೆ. ದೋಸೆ ಹಿಟ್ಟಿಗಿಂತ ಒಂಚೂರು ತೆಳು ಇರಲಿ. ಉಪ್ಪು ಬಿದ್ದರೆ ಬೇಗ ಬಿಗಿಯುತ್ತೆ, ನಿಂಬೆರಸ ತಡ ಮಾಡುತ್ತೆ. ಬಿಸಿಲಲ್ಲಿ ಕೆಲಸ ಮಾಡುವಾಗ ನಾನು ಎರಡು ಹನಿ ನಿಂಬೆ ಹಿಂಡುತ್ತೇನೆ.

ಹೆಜ್ಜೆಯ ನಡುವಿಗೇ ಸುರಿಯಬೇಡಿ, ಅಂಚಿನಿಂದ ಕೈಮೇಲೆ ಹರಿಸಿ ಒಳಗಿಳಿಸಿ. ಬೆರಳ ತುದಿಯ ಗುಳಿಗೆ ಮೊದಲು ಇಳಿಯಲಿ. ಮೈ ಬಿಸಿಯಾಗಿ ಆಮೇಲೆ ತಣ್ಣಗಾಗುತ್ತೆ. ತಣ್ಣಗಾಗುವವರೆಗೆ ಮುಟ್ಟಬೇಡಿ. ಎತ್ತುವಾಗ ಎರಕ ಹಿಡಿದು ಎಳೆಯದೆ ಕೆಳಗಿನ ಕೆಸರನ್ನೂ ಸೇರಿಸಿ ಕರಣೆಯಿಂದ ಅಗೆದು ಎತ್ತಿ. ಮನೆಗೆ ತಂದು ಮಾರನೇ ದಿನ ಹಳೇ ಟೂತ್‌ಬ್ರಷ್ಷಿನಿಂದ ತೊಳೆಯಿರಿ. ಕಲಸಿದ ನೀರನ್ನು ಬಚ್ಚಲಿಗೆ ಸುರಿದಿರೋ ಪೈಪು ಕಲ್ಲಾಗುತ್ತೆ, ಮನೆಯವರು ನನ್ನನ್ನು ಬೈಯುತ್ತಾರೆ.

ಎರಕ ಕೈಗೆ ಬಂದ ಮೇಲೆ ಎಡ ಬಲದ ಲೆಕ್ಕ ತಿರುಗಿಸಿಕೊಳ್ಳಿ. ನೆಲದಲ್ಲಿ ಗುಳಿಯಾಗಿ ಕಂಡದ್ದನ್ನು ನೀವು ಮೇಲಿಂದ ನೋಡಿದ್ದು, ಎರಕ ಹಿಡಿದಾಗ ನೋಡುತ್ತಿರುವುದು ಅಂಗಾಲು. ಕನ್ನಡಿಯಲ್ಲಿ ಕಂಡ ಹಾಗೆ. ಭೂಮಿಯೂ ಇದೇ ಎರಕ ಹೊಯ್ಯುತ್ತೆ. ಹೆಜ್ಜೆಗುಳಿಗೆ ಮರಳು ತುಂಬಿ ಗಟ್ಟಿಯಾಗಿ, ಕೆಳಗಿನ ಮೆತ್ತನೆ ಪದರ ಸವೆದುಹೋದರೆ ಬಂಡೆಯ ಅಡಿಯಲ್ಲಿ ಮೂರು ಬೆರಳು ಉಬ್ಬಿಕೊಂಡು ನಿಲ್ಲುತ್ತವೆ. ಅದನ್ನು ನೋಡಿ ಎಡ ಬಲ ತಪ್ಪಿದವರು ಬೇಕಾದಷ್ಟು ಜನ.

ನಿಜವಾದ ಪಳೆಯುಳಿಕೆಯ ಮೇಲೆ ಮಾತ್ರ ಅಪ್ಪಿತಪ್ಪಿಯೂ ಪಿಒಪಿ ಹೊಯ್ಯಬೇಡಿ. ಕಲ್ಲಿನ ಸಂದಿಗೆ ಇಳಿದು ಕಿತ್ತುಕೊಂಡು ಬರುತ್ತೆ. ಅಲ್ಲಿ ಪಕ್ಕದಲ್ಲಿ ಸ್ಕೇಲ್ ಇಟ್ಟು, ಸುತ್ತ ತಿರುಗುತ್ತ ನಲವತ್ತು ಐವತ್ತು ಫೋಟೊ ತೆಗೆಯಿರಿ. ಅವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಆಳ ಸಮೇತ ಮಾದರಿ ಮಾಡುತ್ತಾರೆ, ಈಗಿನ ವಿಜ್ಞಾನಿಗಳೂ ಹಾಗೇ ಮಾಡುವುದು.

ಫೋಟೊ ತೆಗೆಯುವ ಹೊತ್ತು ಬೆಳಿಗ್ಗೆ ಏಳು ಅಥವಾ ಸಂಜೆ ಐದೂವರೆ. ಮಧ್ಯಾಹ್ನ ಹೋದವನಿಗೆ ಏನೂ ಕಾಣುವುದಿಲ್ಲ. ಸೀಲಿಂಗ್ ಮುಗಿಸಿದ ಮೇಲೆ ನಾವು ಬಲ್ಬನ್ನು ಗೋಡೆಗೆ ತಾಗಿಸಿ ಹಿಡಿದು ನೋಡುತ್ತೇವೆ, ಓರೆ ಬೆಳಕು ಬಿದ್ದರೆ ಒಂದು ಕೂದಲು ಎತ್ತರದ ಉಬ್ಬೂ ನೆರಳು ಬಿಟ್ಟು ಸಿಕ್ಕಿಬೀಳುತ್ತೆ. ಮಸುಕಾದ ಹೆಜ್ಜೆಗೂ ಇದೇ ಮದ್ದು. ಹಗಲಾದರೆ ಛತ್ರಿ ಹಿಡಿದು ಬಿಸಿಲು ಮರೆಮಾಡಿ, ಪಕ್ಕದಿಂದ ಮೊಬೈಲ್ ಟಾರ್ಚ್ ಬಿಡಿ.

ಟೇಪು, ಕ್ಯಾಲ್ಕುಲೇಟರು

ಎರಡು ಅಳತೆ ಸಾಕು. ಒಂದು, ನಡುಬೆರಳಿನ ತುದಿಯಿಂದ ಹೆಜ್ಜೆಯ ಹಿಂಭಾಗದವರೆಗೆ ಉದ್ದ. ಇನ್ನೊಂದು, ಬಲಗಾಲು ಬಿದ್ದ ಜಾಗದಿಂದ ಮತ್ತೆ ಅದೇ ಬಲಗಾಲು ಬಿದ್ದ ಜಾಗದವರೆಗೆ ದೂರ. ಇದನ್ನು ನಾನು ಜೋಡಿಹೆಜ್ಜೆ ಅನ್ನುತ್ತೇನೆ.

ಹೆಜ್ಜೆಯ ಉದ್ದವನ್ನು ನಾಲ್ಕರಿಂದ ಗುಣಿಸಿದರೆ ಸೊಂಟದ ಎತ್ತರ ಹೆಚ್ಚುಕಡಿಮೆ ಸಿಗುತ್ತೆ. ಬ್ರಿಟನ್ನಿನ ಪ್ರಾಣಿವಿಜ್ಞಾನಿ ಮ್ಯಾಕ್‌ನೀಲ್ ಅಲೆಕ್ಸಾಂಡರ್ 1976ರಲ್ಲಿ ಈಗಿನ ಪ್ರಾಣಿಗಳ, ಮನುಷ್ಯರ ನಡಿಗೆ ಅಳೆದು ಹೆಜ್ಜೆಯಿಂದ ವೇಗ ತಿಳಿಯುವ ಸೂತ್ರ ಕೊಟ್ಟರು. ಮೀಟರಿನಲ್ಲಿ ಅಳೆದು ಹೀಗೆ ಮಾಡಿ: ಜೋಡಿಹೆಜ್ಜೆಯ 1.67ನೇ ಘಾತ, ಅದನ್ನು ಸೊಂಟದೆತ್ತರದ 1.17ನೇ ಘಾತದಿಂದ ಭಾಗಿಸಿ, 0.78ರಿಂದ ಗುಣಿಸಿ. ಬಂದದ್ದು ಸೆಕೆಂಡಿಗೆ ಇಷ್ಟು ಮೀಟರ್. 3.6ರಿಂದ ಗುಣಿಸಿದರೆ ಗಂಟೆಗೆ ಕಿಲೋಮೀಟರು. ಮೊಬೈಲನ್ನು ಅಡ್ಡ ತಿರುಗಿಸಿದರೆ ಕ್ಯಾಲ್ಕುಲೇಟರಿನಲ್ಲಿ ಘಾತದ ಗುಂಡಿ ಬರುತ್ತೆ.

ಶೆಟ್ಟಿಹಳ್ಳಿಯ ನನ್ನ ನವಿಲಿನ ಹೆಜ್ಜೆ 11 ಸೆಂ.ಮೀ., ಜೋಡಿಹೆಜ್ಜೆ 60 ಸೆಂ.ಮೀ. ಸೊಂಟ 44 ಸೆಂ.ಮೀ. ಅಂದಾಯಿತು. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 3 ಕಿ.ಮೀ. ಆರಾಮವಾಗಿ ಮೇಯುತ್ತ ಹೋಗಿದೆ. ಈಗ 35 ಸೆಂ.ಮೀ. ಹೆಜ್ಜೆಯ ಒಂದು ಥೆರೋಪಾಡನ್ನು ಊಹಿಸಿಕೊಳ್ಳಿ. ಸೊಂಟ 1.4 ಮೀಟರು, ಅಂದರೆ ನನ್ನ ಎದೆಮಟ್ಟ. ಜೋಡಿಹೆಜ್ಜೆ 2.2 ಮೀಟರಿದ್ದರೆ ಗಂಟೆಗೆ 7 ಕಿ.ಮೀ., ನಡಿಗೆ. ಅದೇ ಪ್ರಾಣಿ 4.5 ಮೀಟರ್ ಹಾಕಿದ್ದರೆ 23 ಕಿ.ಮೀ., ಓಟ. ಜೋಡಿಹೆಜ್ಜೆ ಸೊಂಟದೆತ್ತರದ ಎರಡು ಪಟ್ಟಿನೊಳಗಿದ್ದರೆ ನಡಿಗೆ, ಸುಮಾರು ಮೂರು ಪಟ್ಟು ಮುಟ್ಟಿದರೆ ಓಟ ಅಂತ ಒಂದು ಅಂದಾಜು.

ಸಿಕ್ಕಿರುವ ಹೆಜ್ಜೆಸಾಲುಗಳಲ್ಲಿ ಬಹುಪಾಲು ನಡಿಗೆಯವೇ. ಕೆಸರಲ್ಲಿ ಯಾರು ಓಡುತ್ತಾರೆ ಹೇಳಿ. ಆದರೂ ಸ್ಪೇನಿನ ಲಾ ರಿಯೋಹಾದಲ್ಲಿ ಓಡಿದ ಎರಡು ಥೆರೋಪಾಡ್ ಸಾಲು ಸಿಕ್ಕಿವೆ. 2021ರಲ್ಲಿ ಲೆಕ್ಕ ಹಾಕಿದವರು ಒಂದಕ್ಕೆ ಗಂಟೆಗೆ 23.4ರಿಂದ 37.1 ಕಿ.ಮೀ., ಇನ್ನೊಂದಕ್ಕೆ 31.7ರಿಂದ 44.6 ಕಿ.ಮೀ. ಅಂದರು. ಮಳೆಗಾಲದ ಶಿರಾಡಿ ಘಾಟಿಯಲ್ಲಿ ಬಸ್ಸು ಇದಕ್ಕಿಂತ ನಿಧಾನ. ಒಂದೇ ಸಾಲಿಗೆ ಎರಡು ಅಂಕಿ ಯಾಕೆ ಅಂದರೆ ಸೊಂಟದೆತ್ತರ ಅಂದಾಜು, ಸೂತ್ರವೂ ಅಂದಾಜು. ಅಂದಾಜನ್ನು ಅಂದಾಜು ಅಂತಲೇ ಬರೆಯಬೇಕು. ನಾವು ಕೊಟೇಶನ್ ಕೊಡುವಾಗ ಬರೆಯುವುದಿಲ್ಲವೇ, ಹಾಗೆ.

ಹೆಜ್ಜೆ ಬಿಟ್ಟುಕೊಡುವ ಗುಟ್ಟು

ಮೂಳೆ ಸಿಗುವುದು ಪ್ರಾಣಿ ಸತ್ತ ಜಾಗದಲ್ಲಿ, ಕೆಲವೊಮ್ಮೆ ನೀರು ಹೊತ್ತು ತಂದು ಎಸೆದ ಜಾಗದಲ್ಲಿ. ಹೆಜ್ಜೆ ಇರುವುದು ಅದು ಬದುಕಿ ನಡೆದ ಜಾಗದಲ್ಲೇ. ಅಮೆರಿಕದ ಯೂಟಾದ ಸೇಂಟ್ ಜಾರ್ಜ್‌ನಲ್ಲಿ ಒಂದು ಥೆರೋಪಾಡು ಕೆರೆ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಎದ್ದುಹೋದ ಅಚ್ಚು ಇದೆ. ಎರಡು ಕಾಲು, ಹಿಂಭಾಗ, ಮುಂಗೈ ಎಲ್ಲ ಒತ್ತಿವೆ. ಅಂಗೈಗಳು ನೆಲಕ್ಕೆ ಮೊಗಮಾಡಿರದೆ ಚಪ್ಪಾಳೆ ತಟ್ಟುವವರ ಹಾಗೆ ಒಂದಕ್ಕೊಂದು ಎದುರಾಗಿವೆ. ಸಿನಿಮಾಗಳಲ್ಲಿ ಅಂಗೈ ನೆಲದ ಕಡೆ ಮಾಡಿಕೊಂಡು ಬರುವ ಡೈನೋಸಾರು ತಪ್ಪು ಅನ್ನುವುದಕ್ಕೆ ಇದು ಸಾಕ್ಷಿ.

ಚೀನಾದ ಶಾಂಡಾಂಗ್‌ನಲ್ಲಿ ಎರಡೇ ಬೆರಳಿನ ಹೆಜ್ಜೆಸಾಲುಗಳಿವೆ, ಆರು ಒಂದರ ಪಕ್ಕ ಒಂದು. ಕುಡುಗೋಲಿನಂಥ ಉಗುರಿದ್ದ ಬೇಟೆಗಾರರವು. ಆ ಉಗುರು ಸವೆಯದ ಹಾಗೆ ಒಂದು ಬೆರಳನ್ನು ಸದಾ ಎತ್ತಿಕೊಂಡೇ ನಡೆಯುತ್ತಿದ್ದವು ಅಂತ ಹೆಜ್ಜೆಯೇ ಹೇಳಿತು. ಆರು ಸಾಲು ಪಕ್ಕಪಕ್ಕ ಇರುವುದರಿಂದ ಗುಂಪಾಗಿ ಹೋದವು ಅನ್ನುತ್ತಾರೆ. ಸ್ಪೇನಿನಲ್ಲೇ ಇನ್ನೊಂದು ಕಡೆ 15 ಮೀಟರು ಉದ್ದಕ್ಕೆ ಬರೀ ಉಗುರು ಗೀರಿದ ಗುರುತು. ಥೆರೋಪಾಡು ನೀರಲ್ಲಿ ಈಜುತ್ತ ಹೋಗುವಾಗ ಕಾಲ್ತುದಿ ತಳ ಸವರಿದ್ದು.

ಇನ್ನು ಬೇಟೆಯ ಕಥೆ. ಹೆಜ್ಜೆ ಓದುವವರೆಲ್ಲ ಇಲ್ಲೇ ಜಾರುವುದು, ನಾನೂ ಜಾರಿದ್ದೇನೆ. ಟೆಕ್ಸಾಸ್‌ನ ಪಲಕ್ಸಿ ನದಿ ತಳದಲ್ಲಿ ಉದ್ದ ಕತ್ತಿನ ದೈತ್ಯ ಸಸ್ಯಾಹಾರಿಯ ಹೆಜ್ಜೆಗಳ ಜೊತೆಜೊತೆಗೇ ದೊಡ್ಡ ಥೆರೋಪಾಡ್ ಹೆಜ್ಜೆಗಳು ಹೋಗುತ್ತವೆ. ರೋಲಂಡ್ ಬರ್ಡ್ ಅನ್ನುವವರು 1940ರಲ್ಲಿ ಆ ಬಂಡೆಯನ್ನು ಕತ್ತರಿಸಿ ತೆಗೆಸಿದರು. ಒಂದು ಭಾಗ ನ್ಯೂಯಾರ್ಕ್ ಮ್ಯೂಸಿಯಮ್ಮಿಗೆ, ಇನ್ನೊಂದು ಆಸ್ಟಿನ್‌ಗೆ ಹೋಯಿತು. ಸಾಲಿನಲ್ಲಿ ಬೇಟೆಗಾರನ ಒಂದು ಹೆಜ್ಜೆ ಇಲ್ಲ. ಬಾಯಿ ಹಾಕಿ ಕಚ್ಚಿ ಹಿಡಿದಾಗ ಒಂಟಿಕಾಲಲ್ಲಿ ಕುಪ್ಪಳಿಸಿತು ಅಂತ ಬರ್ಡ್ ನಂಬಿದ್ದರು. ಹಿಂಬಾಲಿಸಿದ್ದು ನಿಜ, ಆದರೆ ಅರ್ಧ ದಿನ ಬಿಟ್ಟು ಬಂದಿರಬಹುದು ಅನ್ನುವವರೂ ಇದ್ದಾರೆ. ಅದೇ ನದಿಯಲ್ಲಿ ಸಿಕ್ಕ ಉದ್ದನೆ ಹೆಜ್ಜೆಗಳನ್ನು ಜನ ದೈತ್ಯ ಮನುಷ್ಯರವು ಅಂತ ಬಹಳ ಕಾಲ ನಂಬಿದ್ದರು. ಅವು ಥೆರೋಪಾಡು ಕಾಲಿನ ಹಿಂಭಾಗವನ್ನೂ ನೆಲಕ್ಕೂರಿ ನಡೆದದ್ದು, ಬೆರಳ ಗುಳಿಗೆ ಕೆಸರು ತುಂಬಿ ಮುಚ್ಚಿದ್ದು. ಅಲ್ಲೂ ಒಬ್ಬ ಭೀಮ ಇದ್ದ ನೋಡಿ.

ಆಸ್ಟ್ರೇಲಿಯಾದ ಲಾರ್ಕ್ ಕ್ವಾರಿಯದು ಇನ್ನೂ ಸ್ವಾರಸ್ಯ. ಅಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ಸಣ್ಣ ಹೆಜ್ಜೆಗಳಿವೆ. ದೊಡ್ಡ ಥೆರೋಪಾಡ್ ಬಂದಾಗ ಸಣ್ಣವೆಲ್ಲ ಬೆದರಿ ಒಟ್ಟಿಗೆ ಒಂದೇ ದಿಕ್ಕಿಗೆ ಓಡಿದವು ಅಂತ 1984ರಲ್ಲಿ ವಿಜ್ಞಾನಿಗಳು ಬರೆದರು. ಆಮೇಲೆ ಬೇರೆಯವರು ಅಳೆದು, ಆ ದೊಡ್ಡ ಹೆಜ್ಜೆ ಮಾಂಸಾಹಾರಿಯದೇ ಅಲ್ಲ, ಸೊಪ್ಪು ತಿನ್ನುವುದರದ್ದು, ಸಣ್ಣವುಗಳಲ್ಲಿ ಎಷ್ಟೋ ನೀರಲ್ಲಿ ತೇಲುತ್ತ ಹೋದವು ಅಂದರು. ಜಗಳ ಇನ್ನೂ ಮುಗಿದಿಲ್ಲ. ನನಗಂತೂ ಎರಡನೆಯವರ ಮಾತು ಹಿಡಿಸುತ್ತೆ, ಆ ದೊಡ್ಡ ಹೆಜ್ಜೆಯ ಚಿತ್ರದಲ್ಲಿ ಬೆರಳು ಮೊಂಡಾಗಿ, ಅಗಲ ಉದ್ದದಷ್ಟೇ ಕಾಣುತ್ತೆ.

ನಮ್ಮ ದೇಶದಲ್ಲೇ ನೋಡಬೇಕು ಅಂದರೆ ರಾಜಸ್ಥಾನ. ಜೈಸಲ್ಮೇರ್ ಹತ್ತಿರದ ಥಯಾತ್ ಹಳ್ಳಿಯ ಪಕ್ಕದ ದಿಬ್ಬದಲ್ಲಿ ಸುಮಾರು 20 ಕೋಟಿ ವರ್ಷದ ಹಿಂದಿನ, ಜುರಾಸಿಕ್ ಕಾಲದ ಮೊದಲ ಭಾಗದ ಥೆರೋಪಾಡ್ ಹೆಜ್ಜೆಗಳು ಸಿಕ್ಕಿವೆ. ಈಗ ಮರುಭೂಮಿ, ಆಗ ಕಡಲಂಚು. ದೊಡ್ಡವು ಸುಮಾರು 35 ಸೆಂ.ಮೀ., ಅವಕ್ಕೆ ಯೂಬ್ರಾಂಟಿಸ್ ಅಂತ ಹೆಸರು. ಸಣ್ಣದು ಗ್ರಲೇಟರ್, ಬರೀ 5.5 ಸೆಂ.ಮೀ., ನಾಟಿ ಕೋಳಿಯದಕ್ಕಿಂತ ಚಿಕ್ಕದು. ಈ ಹೆಸರುಗಳು ಪ್ರಾಣಿಯವಲ್ಲ, ಹೆಜ್ಜೆಯವು. ಯಾವ ಪ್ರಾಣಿ ಅಂತ ಹೆಜ್ಜೆ ನೋಡಿ ಹೇಳುವುದು ಕಷ್ಟವಾದ್ದರಿಂದ ಹೆಜ್ಜೆಗೇ ಬೇರೆ ನಾಮಕರಣ. ನನ್ನ ಮೇಸ್ತ್ರಿ ಹುಟ್ಟಿದ್ದು ಪಕ್ಕದ ಜಿಲ್ಲೆಯಲ್ಲಿ. ಫೋನ್ ಮಾಡಿ ಹೇಳಿದೆ. "ಅಲ್ಲಿಂದ ಪಿಒಪಿ ಬರುತ್ತೆ ಅಂತ ಗೊತ್ತಿತ್ತು, ಅಚ್ಚೂ ಇದೆಯಾ?" ಅಂದು ನಕ್ಕರು.

ನನ್ನ ನವಿಲಿನ ಎರಕಗಳು ಈಗ ಮನೆಯ ಶೋಕೇಸಿನಲ್ಲಿ ಸಾಲಾಗಿವೆ, ಒಟ್ಟು ಏಳು. ಪ್ರತಿಯೊಂದರ ಬೆನ್ನಿಗೂ ತಾರೀಖು, ಜಾಗ, ಕೆಸರಿನ ಹದ, ಎಡವೋ ಬಲವೋ ಬರೆದಿದ್ದೇನೆ. ನೀವೂ ಬರೆಯಿರಿ, ವಾರದ ಮೇಲೆ ಯಾವುದೂ ನೆನಪಿರುವುದಿಲ್ಲ. ಐದನೆಯದರ ಮೇಲೆ ಒಂದು ನಾಯಿಯ ಹೆಜ್ಜೆ ಹತ್ತಿ ಕೂತಿದೆ. ಅದು ಸಿಕ್ಕ ದಿನ ನಾನು ಕೂಗಿಕೊಂಡಿದ್ದೆ, "ನೋಡೇ, ನಾಯಿ ನವಿಲನ್ನ ಅಟ್ಟಿಸ್ಕೊಂಡು ಹೋಗಿದೆ!" ಮಗಳು ಮಾತಾಡದೆ ಟೇಪು ತೆಗೆದಳು. ನಾಯಿ ಹೆಜ್ಜೆ ಸೇರುವ ಮುಂಚೆ ನವಿಲಿನ ಜೋಡಿಹೆಜ್ಜೆ 60 ಸೆಂ.ಮೀ. ಸೇರಿದ ಮೇಲೆ 61, 59, 60.

"ಅಪ್ಪಾ, ಅಟ್ಟಿಸ್ಕೊಂಡು ಬಂದಿದ್ರೆ ಅದು ಓಡ್ತಿರ್ಲಿಲ್ವಾ?" ಅಂದಳು.

ಐದನೆಯ ಎರಕದ ಬೆನ್ನಿಗೆ "ಬಲಗಾಲು. ನಾಯಿ ಆಮೇಲೆ ಬಂದದ್ದು" ಅಂತ ಬರೆದಿದ್ದೇನೆ.